ಮಗಳಿಗೊಂದು ಪತ್ರ: ಹಳೆಯ ರೇಸಿಂಗ್ ಕಾರ್ಟ್ ಕೊಳ್ಳುವ ಮುನ್ನ

ಬೆಂಗಳೂರು

ಚಿರಂಜೀವಿ ಮೇಘನಾಳಿಗೆ ಅಮ್ಮನ ಆಶೀರ್ವಾದಗಳು.

ಕೊಯಮತ್ತೂರಿನಿಂದ ನೀನು ಕಳುಹಿಸಿದ ಮೂರು ಕಾರ್ಟ್‌ಗಳ, ಅಂದರೆ ಆ ಪುಟ್ಟ ರೇಸ್ ಬಂಡಿಗಳ, ಚಿತ್ರಗಳನ್ನೂ, ಅವುಗಳ ಮಾಲೀಕರು ಹೇಳುತ್ತಿರುವ ಬೆಲೆಗಳನ್ನೂ ನೋಡಿದೆ. ಕಾರ್ಟ್ ಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಮನೆಯಲ್ಲಿ ಮುಗಿದಿದೆ. ನಿನ್ನ ಅಪ್ಪ ಒಪ್ಪಿದ್ದಾರೆ, ಹಣವನ್ನು ಬೇರೆಯಾಗಿ ಎತ್ತಿಟ್ಟಿದ್ದೂ ಆಗಿದೆ. ಇನ್ನು ಉಳಿದಿರುವುದು ಆ ಹಣಕ್ಕೆ ತಕ್ಕದ್ದನ್ನು ಆರಿಸುವ ಕೆಲಸ. ಪೀಣ್ಯದ ಕಾರ್ಖಾನೆಯಲ್ಲಿ ಇಷ್ಟು ವರ್ಷ ಬೇರೆಯವರು ತಯಾರಿಸಿದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದುದನ್ನು ಒಳಗೆ ತೆಗೆದುಕೊಂಡು, ಸರಿಯಿಲ್ಲದ್ದನ್ನು ಹಿಂದಕ್ಕೆ ಕಳುಹಿಸಿದವಳು ನಾನು. ರೇಸ್ ಓಡಿಸುವುದು ನನಗೆ ತಿಳಿಯದಿದ್ದರೂ ಬಳಸಿದ ಉಕ್ಕನ್ನು ಹೇಗೆ ನೋಡಬೇಕೆಂಬುದು ತಿಳಿದಿದೆ.

ಹಣದ ಮಾತನ್ನು ಮೊದಲು ಮುಗಿಸುತ್ತೇನೆ. ಮೊತ್ತ ಎಷ್ಟೆಂದು ನಿನಗೆ ಗೊತ್ತು. ಅದನ್ನು ಮೂರು ಪಾಲು ಮಾಡಿ, ಎರಡು ಪಾಲಿನೊಳಗೆ ಕಾರ್ಟ್ ಕೊಳ್ಳಬೇಕು; ಮೂರನೆಯ ಪಾಲು ಇದೆಯೆಂದು ಮಾರುವವರ ಮುಂದೆ ಬಾಯಿ ಬಿಡಲೂ ಬಾರದು. ಕೊಂಡ ಮರುದಿನದಿಂದಲೇ ಟೈರು, ಚೈನು, ಸ್ಪ್ರಾಕೆಟ್, ಬೇರಿಂಗ್, ಬ್ರೇಕ್ ಪ್ಯಾಡ್, ಟೂ-ಸ್ಟ್ರೋಕ್ ಆಯಿಲ್, ಟ್ರ್ಯಾಕಿನ ಶುಲ್ಕ, ಕಾರ್ಟನ್ನು ಹೊತ್ತೊಯ್ಯುವ ಟಾಟಾ ಏಸ್‌ನ ಬಾಡಿಗೆ ಎಂದು ಖರ್ಚು ಶುರುವಾಗುತ್ತದೆ. ಕೈಯಲ್ಲಿದ್ದುದನ್ನೆಲ್ಲ ಬೆಲೆಗೇ ಸುರಿದು, ಆಮೇಲೆ ಓಡಿಸಲು ಕಾಸಿಲ್ಲದೆ ಟಾರ್ಪಾಲಿನ್ ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸಿದ ಕಾರ್ಟ್‌ಗಳೇ ಕೆಲವು ಕಾಲದ ನಂತರ ‘ಹೆಚ್ಚು ಓಡಿಲ್ಲ’ ಎಂಬ ಮಾತಿನೊಂದಿಗೆ ಮಾರಾಟಕ್ಕೆ ಬರುತ್ತವೆ. ನೀನು ನೋಡಿರುವ ಮೂರರಲ್ಲಿ ಒಂದು ಅಂಥದೇ ಎಂದು ನನ್ನ ಅನುಮಾನ. ಹೆಲ್ಮೆಟ್ ಮಾತ್ರ ಈ ಲೆಕ್ಕದಲ್ಲಿಲ್ಲ. ಕಾರ್ಟ್‌ನ ಜೊತೆ ಹೆಲ್ಮೆಟ್ ಉಚಿತವಾಗಿ ಕೊಡುತ್ತೇವೆಂದರೂ ತೆಗೆದುಕೊಳ್ಳಬೇಡ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಪದರ ಕುಸಿದಿದ್ದರೂ ಹೊರಗೆ ಏನೂ ಕಾಣುವುದಿಲ್ಲ. ಹೊಸದನ್ನು ನಾನು ಕೊಡಿಸುತ್ತೇನೆ.

ಮೂರರಲ್ಲಿ ಅತಿ ಅಗ್ಗವಾದ, ಸುತ್ತಲೂ ದಪ್ಪ ಬಂಪರ್ ಇರುವ ಕೆಂಪು ಕಾರ್ಟನ್ನು ನೋಡಲು ಹೋಗುವ ಅಗತ್ಯವಿಲ್ಲ. ಅದರ ಎಂಜಿನ್ ಹೋಂಡಾ ಜಿಎಕ್ಸ್ ಸರಣಿಯದು, ನೀರೆತ್ತುವ ಪಂಪು ಮತ್ತು ಜನರೇಟರ್‌ಗಳಿಗೂ ಹಾಕುವಂಥದು. ಯಾವುದೋ ಮುಚ್ಚಿಹೋದ ಮನರಂಜನಾ ಟ್ರ್ಯಾಕಿನ ಬಾಡಿಗೆ ಕಾರ್ಟ್ ಅದು. ಗಟ್ಟಿಮುಟ್ಟಾಗಿರುತ್ತದೆ, ಬಹುಕಾಲ ಬಾಳುತ್ತದೆ, ಆದರೆ ಭಾರ ಹೆಚ್ಚು, ಮತ್ತು ನೀನು ಇಳಿಯಬೇಕೆಂದಿರುವ ಸ್ಪರ್ಧೆಯಲ್ಲಿ ಅದಕ್ಕೆ ಜಾಗವಿಲ್ಲ. ನಿಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ತಾವೇ ಪೈಪು ಬೆಸೆದು, ಬೈಕಿನ ಎಂಜಿನ್ ಕೂರಿಸಿ ಮಾಡಿದ ಕಾರ್ಟ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಯಾವ ವರ್ಗದಲ್ಲಿ ಓಡಿಸಬೇಕೆಂಬುದು ಮೊದಲು ತೀರ್ಮಾನವಾಗಬೇಕು, ಕಾರ್ಟ್ ಆಮೇಲೆ. ನಿನ್ನ ಗುರಿ ದೇಶದ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆಯ, ಎಲ್ಲರೂ ರೋಟಾಕ್ಸ್ ಕಂಪನಿಯ ಎಂಜಿನ್ನನ್ನೇ ಬಳಸುವ ರಾಷ್ಟ್ರೀಯ ರೋಟಾಕ್ಸ್ ಮ್ಯಾಕ್ಸ್ ಸ್ಪರ್ಧೆಯ ಸೀನಿಯರ್ ವರ್ಗ ಎಂದ ಮೇಲೆ ಎಂಜಿನ್ ಯಾವುದಿರಬೇಕೆಂಬ ಪ್ರಶ್ನೆ ತಾನಾಗಿಯೇ ಬಗೆಹರಿಯಿತು. ಈ ವರ್ಷದ ನಿಯಮಾವಳಿಯನ್ನು ತರಿಸಿಕೊಂಡು, ಯಾವ ಎಂಜಿನ್ ಆವೃತ್ತಿ, ಯಾವ ಟೈರು, ಚಾಲಕಿ ಸೇರಿ ಎಷ್ಟು ಕನಿಷ್ಠ ತೂಕ ಎಂಬುದನ್ನು ಓದಿಕೊಂಡು ಹೋಗು. 2015ರ ಸುಮಾರಿಗೆ ಬಂದ ಇವೊ ಆವೃತ್ತಿಯಲ್ಲಿ ಇಗ್ನಿಷನ್, ಕಾರ್ಬ್ಯುರೇಟರ್, ಎಕ್ಸಾಸ್ಟ್ ಬದಲಾಗಿವೆ. ಅದಕ್ಕಿಂತ ಹಿಂದಿನ ಎಂಜಿನ್ ಅಗ್ಗಕ್ಕೆ ಸಿಕ್ಕರೂ, ಅದನ್ನು ಹೊಸ ನಿಯಮಕ್ಕೆ ಹೊಂದಿಸುವ ಖರ್ಚನ್ನು ಬೆಲೆಗೆ ಕೂಡಿಸಿ ನೋಡಬೇಕು.

ಉಳಿದವು ಎರಡು. ಒಂದು, ಸ್ಟಿಕ್ಕರ್‌ಗಳಿಂದ ಮಿಂಚುತ್ತಿರುವ, ಹೆಚ್ಚು ಹಳೆಯದಲ್ಲದ ಚಾಸಿಯ (ಉಕ್ಕಿನ ಕೊಳವೆಗಳ ಚೌಕಟ್ಟಿನ) ಕಾರ್ಟ್. ಇನ್ನೊಂದು, ಬಣ್ಣ ಮಾಸಿದ, ಸೀಟಿನ ಅಂಚು ಸವೆದ ಹಳೆಯದು. ಮೊದಲನೆಯದಕ್ಕೆ ಎಂಜಿನ್ನಿನ ಕಾರ್ಡು ‘ಎಲ್ಲೋ ಇದೆ, ಹುಡುಕಿ ಕೊಡುತ್ತೇವೆ’ ಎಂದು ಅವರು ಹೇಳಿದರೆಂದು ನೀನು ಬರೆದಿದ್ದೀಯೆ. ನನ್ನ ಕಣ್ಣು ಅಲ್ಲಿಯೇ ನಿಂತಿತು.

ರೋಟಾಕ್ಸ್ 125 ಮ್ಯಾಕ್ಸ್ ಎಂಬುದು ಆಸ್ಟ್ರಿಯಾದ ಕಂಪನಿಯ, ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಟೂ-ಸ್ಟ್ರೋಕ್ ಎಂಜಿನ್. ಸೀನಿಯರ್ ವರ್ಗದಲ್ಲಿ ಅದು ನಿಮಿಷಕ್ಕೆ 11,500ರ ಆಸುಪಾಸು ಸುತ್ತು ತಿರುಗುವಾಗ ಸುಮಾರು 30 ಅಶ್ವಶಕ್ತಿ ಕೊಡುತ್ತದೆ. ಎಲ್ಲರ ಎಂಜಿನ್ನೂ ಒಂದೇ ಮಟ್ಟದಲ್ಲಿರಬೇಕು, ಹಣವಿದ್ದವರು ಒಳಗೆ ಕೈಯಾಡಿಸಬಾರದು ಎಂಬ ಕಾರಣಕ್ಕೆ ಅಧಿಕೃತ ಸರ್ವಿಸ್ ಕೇಂದ್ರದವರು ಅದಕ್ಕೆ ಸಂಖ್ಯೆಯಿರುವ ಸೀಲ್ ಹಾಕಿ, ಆ ಸಂಖ್ಯೆಯನ್ನು ಎಂಜಿನ್ನಿನ ಗುರುತಿನ ಕಾರ್ಡಿನಲ್ಲಿ ಬರೆದು ಮೊಹರು ಒತ್ತುತ್ತಾರೆ. ಸೀಲ್ ಒಡೆದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿ ಓಡಲಿ, ಅಧಿಕೃತ ಕೇಂದ್ರದಲ್ಲಿ ಬಿಚ್ಚಿಸಿ, ಅಳತೆ ನೋಡಿಸಿ, ಮತ್ತೆ ಸೀಲ್ ಹಾಕಿಸುವ ತನಕ ಸ್ಪರ್ಧೆಗೆ ಸಲ್ಲುವುದಿಲ್ಲ. ಬಿಚ್ಚಿದಾಗ ಒಳಗೆ ಏನು ಸಿಕ್ಕರೂ ಅದರ ಬಿಲ್ಲು ಕೊಂಡವರ ಹೆಸರಿಗೆ ಬರುತ್ತದೆ. ಆದ್ದರಿಂದ ಎಂಜಿನ್ನಿನ ಮೇಲೆ ಕೆತ್ತಿರುವ ಸಂಖ್ಯೆ, ಸೀಲಿನ ಸಂಖ್ಯೆ, ಕಾರ್ಡಿನಲ್ಲಿರುವ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದನ್ನು ನಿನ್ನ ಕಣ್ಣಿನಿಂದಲೇ ನೋಡಬೇಕು. ಕಾರ್ಡು ಇಲ್ಲದ ಎಂಜಿನ್ನನ್ನು ನಾನು ಬಿಡಿಭಾಗಗಳ ಬೆಲೆಗೆ ಮಾತ್ರ ಎಣಿಸುತ್ತೇನೆ; ಹಾಗೆ ಎಣಿಸಿದರೆ ಆ ಮಿಂಚುವ ಕಾರ್ಟ್‌ಗೆ ಅವರು ಕೇಳುತ್ತಿರುವ ಬೆಲೆ ನಿಲ್ಲುವುದಿಲ್ಲ.

ಕಾರ್ಡಿನಲ್ಲಿ ಕೊನೆಯ ಸರ್ವಿಸ್ ಯಾವಾಗ ಆಯಿತೆಂಬುದೂ ಇರುತ್ತದೆ. ಸುಮಾರು 50 ಗಂಟೆ ಓಡಿದ ಮೇಲೆ ಪಿಸ್ಟನ್ನು, ರಿಂಗು ಮುಂತಾದವನ್ನು ನೋಡಿಸಬೇಕೆಂಬುದು ಈ ಎಂಜಿನ್ನಿನ ವಾಡಿಕೆ. ಆ ಸರ್ವಿಸ್‌ನಿಂದ ಈಚೆಗೆ ಎಷ್ಟು ಗಂಟೆ ಓಡಿದೆಯೆಂದು ಕೇಳು. ಸ್ಟೀರಿಂಗಿನ ಮೇಲೆ ಓಟದ ಲೆಕ್ಕ ಇಡುವ ಮೈಕ್ರಾನ್ ಮೀಟರ್ ಇದ್ದರೆ ಅದರಲ್ಲಿ ಉಳಿದಿರುವ ಲೆಕ್ಕವನ್ನೂ ನೋಡು. ನೀನು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಡಬಾರದೆಂದು ಅವರಿಗೆ ಫೋನಿನಲ್ಲಿ ಹೇಳು, ಹೋದ ತಕ್ಷಣ ಸಿಲಿಂಡರನ್ನು ಮುಟ್ಟಿ ನೋಡು. ತಣ್ಣಗಿದ್ದಾಗ ಬಟನ್ನಿಗೆ ಸಲೀಸಾಗಿ ಶುರುವಾಗಬೇಕು. ಆಮೇಲೆ, ಮಾಲೀಕರ ಅನುಮತಿ ಪಡೆದು, ಎಕ್ಸಾಸ್ಟಿನ ಕೊಳವೆಯನ್ನು ಬಿಚ್ಚಿಸಿ ಟಾರ್ಚ್ ಬೆಳಕಿನಲ್ಲಿ ಪೋರ್ಟಿನ (ಹೊಗೆ ಹೊರಹೋಗುವ ಕಿಂಡಿಯ) ಮೂಲಕ ಪಿಸ್ಟನ್ನಿನ ಪಕ್ಕವನ್ನು ನೋಡು. ಇದಕ್ಕೆ ಸೀಲ್ ಮುಟ್ಟಬೇಕಾಗಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನ ಒಳಭಾಗಗಳಿಗೆ ಉಜ್ಜದಂತೆ ಜಾರುವ ಗುಣ ಬರುವುದು ಪೆಟ್ರೋಲಿಗೆ ಬೆರೆಸಿದ ಆಯಿಲ್‌ನಿಂದಲೇ, 50 ಪಾಲಿಗೆ 1 ಪಾಲಿನಂತೆ. ಯಾರೋ ಒಮ್ಮೆ ಆಯಿಲ್ ಮರೆತಿದ್ದರೆ, ಅಥವಾ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ ತಪ್ಪಾಗಿ ಹಾಕಿ ಪೆಟ್ರೋಲು ಸಾಲದಂತೆ ಮಾಡಿ ಓಡಿಸಿದ್ದರೆ, ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳು ಬಿದ್ದಿರುತ್ತವೆ.

ಎಂಜಿನ್ನಿಗಿಂತ ಹೆಚ್ಚು ಹೊತ್ತನ್ನು ಚಾಸಿಗೆ ಕೊಡು. ಕೆಟ್ಟ ಎಂಜಿನ್ನನ್ನು ದುಡ್ಡು ಕೊಟ್ಟು ಸರಿಮಾಡಿಸಬಹುದು; ಬಾಗಿದ ಚಾಸಿಯನ್ನು ಸರಿಮಾಡಿದ್ದೇವೆ ಎನ್ನುವವರು ಇದ್ದರೂ ನಾನು ನಂಬುವುದಿಲ್ಲ. ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕೂಡ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಆಕ್ಸಲ್‌ಗೆ ಬಿಗಿದಿರುವುದರಿಂದ ತಿರುವಿನಲ್ಲಿ ಒಳಗಿನ ಹಿಂಚಕ್ರ ನೆಲದಿಂದ ತುಸು ಮೇಲೇಳಲೇಬೇಕು, ಇಲ್ಲದಿದ್ದರೆ ಕಾರ್ಟ್ ತಿರುಗದೆ ಮುಗ್ಗರಿಸುತ್ತದೆ; ಆ ಚಕ್ರವನ್ನು ಎತ್ತುವ ಕೆಲಸವನ್ನು ಸ್ಟೀರಿಂಗಿನ ಕೋನವೂ, 30 ಅಥವಾ 32 ಮಿಲಿಮೀಟರಿನ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಕೊಳವೆಗಳ ತಿರುಚುವಿಕೆಯೂ ಸೇರಿ ಮಾಡುತ್ತವೆ. ಹಳೆಯ ಚಾಸಿ ‘ಮೆತ್ತಗಾಗುತ್ತದೆ’ ಎಂದು ಪ್ಯಾಡಕ್‌ನಲ್ಲಿ, ಅಂದರೆ ತಂಡಗಳು ಕಾರ್ಟ್ ಸಿದ್ಧಪಡಿಸುವ ಜಾಗದಲ್ಲಿ, ಎಲ್ಲರೂ ಹೇಳುತ್ತಾರೆ. ಉಕ್ಕು ಹಾಗೆ ಸುಮ್ಮನೆ ಮೆತ್ತಗಾಗುವುದಿಲ್ಲ. ಆಗುವುದು ಮೂರೇ: ಬಾಗುತ್ತದೆ, ಸವೆಯುತ್ತದೆ, ಬಿರುಕು ಬಿಡುತ್ತದೆ. ಮೂರನ್ನೂ ಅಳೆಯಬಹುದು.

ಬಾಗಿರುವುದನ್ನು ತಿಳಿಯಲು ಟೇಪು ಸಾಕು. ಮುಂಚಕ್ರಗಳು ಎಡಬಲಕ್ಕೆ ತಿರುಗಲು ಆಧಾರವಾದ ಎರಡು ಕಿಂಗ್‌ಪಿನ್ ಬೋಲ್ಟುಗಳಿಂದ ಹಿಂದಿನ ಆಕ್ಸಲ್‌ವರೆಗೆ ಎರಡೂ ಪಕ್ಕದ ದೂರವನ್ನು ಅಳೆ. ಆಮೇಲೆ ಆಕ್ಸಲ್‌ನ ಬೇರಿಂಗ್ ಕೂರುವ ಜಾಗಗಳಿಗೆ ಓರೆಯಾಗಿ, ಎಡದಿಂದ ಬಲಕ್ಕೆ ಮತ್ತು ಬಲದಿಂದ ಎಡಕ್ಕೆ ಅಳೆ. ಎಂಜಿನ್ ಒಂದು ಪಕ್ಕ ಕೂರುವುದರಿಂದ ನಡುವಿನ ಕೊಳವೆಗಳು ಎಡಬಲಕ್ಕೆ ಒಂದೇ ರೀತಿ ಇರುವುದಿಲ್ಲ, ಅದನ್ನು ಕಂಡು ಗಾಬರಿಯಾಗಬೇಡ. ಹೋಲಿಸಬೇಕಾದದ್ದು ನಾನು ಹೇಳಿದ ಬಿಂದುಗಳನ್ನು ಮಾತ್ರ. ಸವೆತ ಅಡಿಯಲ್ಲಿರುತ್ತದೆ. ಟ್ರ್ಯಾಕಿನ ಅಂಚುಕಟ್ಟೆಗಳ ಮೇಲೆ ಉಜ್ಜಿ ಉಜ್ಜಿ ಕೊಳವೆಯ ತಳ ಚಪ್ಪಟೆಯಾಗುತ್ತದೆ. ಕಾರ್ಟನ್ನು ಪಕ್ಕಕ್ಕೆ ಎತ್ತಿ ನಿಲ್ಲಿಸಿ, ನಾನು ಕೊರಿಯರ್‌ನಲ್ಲಿ ಕಳುಹಿಸುವ ವರ್ನಿಯರ್ ಕ್ಯಾಲಿಪರ್‌ನಿಂದ ಅದೇ ಕೊಳವೆಯ ಅಡ್ಡಳತೆಯನ್ನೂ ಮೇಲು-ಕೆಳಗಿನ ಅಳತೆಯನ್ನೂ ಹೋಲಿಸು. ತುಸು ಉಜ್ಜಿರುವುದು ಸಹಜ. ಒಂದು ಮಿಲಿಮೀಟರಿನಷ್ಟು ಹೋಗಿದ್ದರೆ ಉಳಿದ ಗೋಡೆ ಬಹಳ ತೆಳುವಾಗಿದೆ ಎಂದು ತಿಳಿದು ಕೈಬಿಡು.

ಬಿರುಕು ಬರುವುದು ಹೆಚ್ಚಾಗಿ ಬೆಸುಗೆಯ ಪಕ್ಕದಲ್ಲಿ: ಸೀಟನ್ನು ಹಿಡಿದಿರುವ ಕಂಬಿಗಳ ಬುಡ, ಮುಂದಿನ ಕಿಂಗ್‌ಪಿನ್ ಹಿಡಿಯುವ ಸಿ ಆಕಾರದ ಭಾಗ, ಬೇರಿಂಗ್ ಹಿಡಿಕೆಗಳು. ಇಲ್ಲಿ ಕಾರ್ಖಾನೆಯ ಹಳೆಯ ಉಪಾಯವೊಂದಿದೆ. ಆ ಜಾಗವನ್ನು ಒರೆಸಿ ಸ್ವಚ್ಛಮಾಡಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಗೆ ಬಂದು ಬಿಳಿಯ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಬಣ್ಣದ ಮೇಲೆ ಇದು ಅಷ್ಟು ನಿಖರವಲ್ಲ. ಆದರೆ ಇಡೀ ಚಾಸಿ ಹಳೆಯದಾಗಿದ್ದು ಒಂದು ಮೂಲೆಯಲ್ಲಿ ಮಾತ್ರ ಹೊಸ ಬಣ್ಣವಿದ್ದರೆ, ಅಲ್ಲಿ ಏನನ್ನೋ ಮುಚ್ಚಿದ್ದಾರೆಂದೇ ತಿಳಿ; ಆ ಮೂಲೆಯ ಬಗ್ಗೆ ಬೇರೆ ಪರೀಕ್ಷೆ ಬೇಕಾಗಿಲ್ಲ.

ಆಕ್ಸಲ್, ಮುಂಚಕ್ರ ಕೂರುವ ಸ್ಟಬ್ ಆಕ್ಸಲ್, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ಗಳು ಬಾಗಿದ್ದರೆ ಅದು ಚೌಕಾಸಿಗೆ ಒಳ್ಳೆಯ ಕಾರಣ, ಬಿಟ್ಟುಬರಲು ಕಾರಣವಲ್ಲ, ಏಕೆಂದರೆ ಅವು ಬದಲಾಯಿಸುವ ವಸ್ತುಗಳು. ಸ್ಟ್ಯಾಂಡಿನ ಮೇಲಿಟ್ಟು ಚೈನು ತೆಗೆದು ಹಿಂಚಕ್ರ ತಿರುಗಿಸಿದಾಗ ಆಕ್ಸಲ್‌ನ ತುದಿ ತೇಲಾಡುತ್ತದೆಯೇ ನೋಡಿದರೆ ಸಾಕು. ಬ್ರೇಕ್ ಪೆಡಲ್ ಮೆತ್ತಗಿರಬಾರದು. ಟೈರುಗಳು ಎಷ್ಟೇ ಚೆನ್ನಾಗಿ ಕಂಡರೂ ಅವಕ್ಕೆ ಬೆಲೆ ಕಟ್ಟಬೇಡ; ರಬ್ಬರು ನಿಂತಲ್ಲೇ ಗಟ್ಟಿಯಾಗುತ್ತದೆ. ಸೀಟು ನಿನ್ನ ಅಳತೆಯದಲ್ಲದಿದ್ದರೆ ಬೇರೆ ಹಾಕಿಸಬೇಕು, ಸಡಿಲ ಸೀಟಿನಲ್ಲಿ ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಕನಿಷ್ಠ ತೂಕ ಮುಟ್ಟಲು ಹಳೆಯ ಚಾಲಕ ಸೀಟಿಗೆ ಬಿಗಿದಿರುವ ಸೀಸದ ತುಂಡುಗಳನ್ನು ಮಾತ್ರ ಬಿಡದೆ ಕೇಳಿಕೋ. ನೀನು ತೆಳ್ಳಗಿರುವುದರಿಂದ ಅವು ಬೇಕಾಗುತ್ತವೆ. ಹಾಗೆಯೇ ಹಳೆಯ ಸ್ಪ್ರಾಕೆಟ್‌ಗಳು, ಜೆಟ್‌ಗಳು, ಮಳೆಯ ಟೈರಿನ ರಿಮ್‌ಗಳು ಇದ್ದರೆ ಬೆಲೆ ಇಳಿಸುವುದಕ್ಕಿಂತ ಅವನ್ನು ಜೊತೆಗೆ ಕೇಳುವುದೇ ಲಾಭ. ಚಾಸಿ ಇಟಲಿಯದಾಗಿದ್ದು ಅದರ ಬಿಡಿಭಾಗ ಇಲ್ಲಿ ಯಾರ ಬಳಿಯೂ ಇಲ್ಲದಿದ್ದರೆ, ಒಂದು ಸಣ್ಣ ಹಿಡಿಕೆ ಮುರಿದರೂ ಸುಂಕ ಕಟ್ಟಿ ತರಿಸಿಕೊಳ್ಳುವ ತನಕ ಕಾಯಬೇಕು. ಆದ್ದರಿಂದ ಪ್ಯಾಡಕ್‌ನಲ್ಲಿ ಹೆಚ್ಚು ಜನ ಓಡಿಸುವ ಚಾಸಿಯೇ ನಮಗೆ ಒಳ್ಳೆಯದು, ಅದು ಅತಿ ವೇಗದ್ದಲ್ಲದಿದ್ದರೂ.

ಹಳೆಯ ಸಾಮಾನಿನಲ್ಲಿ ರೇಸ್ ಮಾಡುವುದನ್ನು ಕೀಳೆಂದು ನಿನ್ನ ಜೊತೆಯವರಲ್ಲಿ ಕೆಲವರು ನಗುತ್ತಾರೆಂದು ಬರೆದಿದ್ದೀಯೆ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಮೊದಲ ಕಾರ್ಟ್ ಕಟ್ಟಿದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿ ಮಿಕ್ಕಿದ್ದ ಎಂಜಿನ್ನಿನಿಂದ. ನೀನು ಅಭ್ಯಾಸಕ್ಕೆ ಹೋಗುವ ಚೆಟ್ಟಿಪಾಳಯಂನ ಟ್ರ್ಯಾಕಿಗೆ ಹೆಸರು ಕೊಟ್ಟ ಎಸ್. ಕರಿವರ್ಧನ್ ಅವರು ಗಿರಣಿ ನಡೆಸುವ ಮನೆತನದವರಾಗಿದ್ದರೂ, ನಮ್ಮ ದೇಶದ ಹುಡುಗರಿಗೆ ಕೈಗೆಟುಕಲೆಂದು ಮಾರುತಿ 800ರ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಕಾರುಗಳನ್ನು ರೂಪಿಸಿದರು. ನಕ್ಕವರಿಗೆ ಇದನ್ನು ಹೇಳಬೇಕಾಗಿಲ್ಲ, ನಿನಗೆ ತಿಳಿದಿರಲಿ ಎಂದು ಬರೆದೆ.

ಈ ಶನಿವಾರ ಬಣ್ಣ ಮಾಸಿದ ಕಾರ್ಟನ್ನು ನೋಡಲು ಹೋಗು. ಟ್ರ್ಯಾಕಿನ ಮೆಕ್ಯಾನಿಕ್ ಅಣ್ಣನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿಯನ್ನು ಮರೆಯದೆ ಕೊಡು. ಮೂರು ಸಂಖ್ಯೆಗಳ ಚಿತ್ರ, ಕಾರ್ಡಿನ ಎಲ್ಲ ಪುಟಗಳು, ಓರೆ ಅಳತೆಗಳು ಮತ್ತು ಕೊಳವೆಯ ಅಳತೆಗಳನ್ನು ಅಂದು ರಾತ್ರಿ ನನಗೆ ಕಳುಹಿಸು. ಅವನ್ನು ನೋಡುವ ಮೊದಲು ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡ. ಬೇರೆ ಗಿರಾಕಿ ಕಾಯುತ್ತಿದ್ದಾರೆ ಎಂದರೆ ಅವರಿಗೇ ಕೊಡಲಿ. ಅಳತೆ ಸರಿಬಾರದಿದ್ದರೆ ಸ್ಪರ್ಧೆಗಳ ಋತು ಮುಗಿಯುವವರೆಗೆ ಕಾಯೋಣ. ತಂಡಗಳು ಹಳೆಯ ಚಾಸಿಗಳನ್ನು ಕೈದಾಟಿಸುವುದು ಆಗಲೇ, ಅಲ್ಲಿಯ ತನಕ ತಂಡದ ಕಾರ್ಟನ್ನೇ ಬಾಡಿಗೆಗೆ ಪಡೆದು ಅಭ್ಯಾಸ ಮಾಡು. ಅದರ ಖರ್ಚನ್ನು ಮೂರನೆಯ ಪಾಲಿನಿಂದ ತೆಗೆಯಬೇಕಾಗಿಲ್ಲ, ನಿನ್ನ ಅಪ್ಪ ಬೇರೆ ಕೊಡುತ್ತೇನೆಂದಿದ್ದಾರೆ. ಎಲ್ಲ ಸರಿಯಿದ್ದರೆ ಮಾರಾಟದ ಪತ್ರದಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆ ಎರಡನ್ನೂ ಬರೆಸಿ ಸಹಿ ಹಾಕಿಸಿಕೋ; ಹಣವನ್ನು ಸೋಮವಾರ ಬೆಳಗ್ಗೆ ಬ್ಯಾಂಕಿನಿಂದ ನೇರವಾಗಿ ಅವರ ಖಾತೆಗೆ ಹಾಕುತ್ತೇನೆ.

ಇಂತು,
ನಿನ್ನ ಅಮ್ಮ