ರೆಸಿಸ್ಟರ್ ಎಲ್ಲಪ್ಪಾ ಅಂದವರಿಗೆ

ಮಾದರಿ ರೈಲುಗಳ ಪ್ರದರ್ಶನದಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಹಿರಿಯರೇ, ಅವತ್ತು ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಹೀಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಆಗಷ್ಟೇ ಮೂರನೇ ಎಲ್‌ಇಡಿಯನ್ನೂ ಸುಟ್ಟು ಹಾಕಿದ್ದೆ. ನನ್ನ ಎಂಜಿನ್ನಿನ ದೀಪದ ಹಳೇ ಬಲ್ಬ್ ಕಿತ್ತು, ಅದೇ ತಂತಿಗೆ ಎಲ್‌ಇಡಿ ಬೆಸುಗೆ ಹಾಕಿದ್ದೆ, ಅಷ್ಟೇ. ನೀವು ಎಂಜಿನ್ ಮಗುಚಿ ನೋಡಿ, "ರೆಸಿಸ್ಟರ್ ಎಲ್ಲಪ್ಪಾ?" ಅಂದಿರಿ. ಕರೆಂಟನ್ನು ಮಿತಿಯಲ್ಲಿಡುವ ಆ ಪುಟ್ಟ ಭಾಗವನ್ನು ನಾನು ಹಾಕಿಯೇ ಇರಲಿಲ್ಲ. ಸುಮ್ನೆ ನಕ್ಕೆ.

ಬೆಂಕಿಪೊಟ್ಟಣದ ಹಿಂದೆ ಲೆಕ್ಕ ಬರೆದು ತೋರಿಸಿದಿರಿ. ಹಳಿಯಲ್ಲಿ 12 ವೋಲ್ಟ್. ಬಿಳಿ ಎಲ್‌ಇಡಿಗೆ ಸುಮಾರು 3 ಸಾಕು. ಮಿಕ್ಕ 9 ವೋಲ್ಟನ್ನು 1,000 ಓಮ್‌ನ ರೆಸಿಸ್ಟರ್ ನುಂಗಿಕೊಂಡರೆ ಹರಿಯುವುದು 9 ಮಿಲಿಆಂಪ್ ಮಾತ್ರ. ಎಂಜಿನ್ ಹಿಂದಕ್ಕೆ ಓಡುವಾಗ ಕರೆಂಟ್ ಉಲ್ಟಾ ಆಗುತ್ತದೆ, ಅದನ್ನು ಎಲ್‌ಇಡಿ ತಾಳಿಕೊಳ್ಳುವುದಿಲ್ಲ ಅಂತ ಅದರ ಪಕ್ಕದಲ್ಲೇ ತಿರುಗುಮುರುಗಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಕೂಡ ಹಾಕಿಸಿದಿರಿ.

ಆದರೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಕಪ್ಪು ಬಣ್ಣ! ದೀಪ ಹೊತ್ತಿದ ಕೂಡಲೇ ಪ್ಲಾಸ್ಟಿಕ್ ಬಾಡಿಯೆಲ್ಲ ಕಂದೀಲಿನ ಹಾಗೆ ಹೊಳೆಯುತ್ತಿತ್ತು. ಒಳಗಡೆ ಎರಡು ಕೋಟ್ ಬಳಿದ ಮೇಲೆ ಬೆಳಕು ಲೆನ್ಸಿನಿಂದ ಮಾತ್ರ ಬರುತ್ತಿದೆ. ಎಂಜಿನ್ ಮುಂದಕ್ಕೆ ಹೋದರೆ ಹೊತ್ತುತ್ತದೆ, ಹಿಂದಕ್ಕೆ ಬಂದರೆ ಆರುತ್ತದೆ. ರಾತ್ರಿ ಕೋಣೆಯ ಲೈಟ್ ಆರಿಸಿ ಎಷ್ಟು ಸಲ ಓಡಿಸಿದೆನೋ!

ಅಂದಹಾಗೆ, ನಿಮ್ಮ ಸಣ್ಣ ಇಕ್ಕಳ ನನ್ನ ಡಬ್ಬಿಯಲ್ಲೇ ಉಳಿದಿದೆ ಸಾರ್. ಮುಂದಿನ ಪ್ರದರ್ಶನಕ್ಕೆ ತರುತ್ತೇನೆ.