ಶಾಂತಿಗಾಗಿ ತೆಗೆದ ಚಿತ್ರಗಳು ಶಾಲೆಗೂ ಬರಲಿ

ಮಾನ್ಯರೇ,

ಫ್ರಾನ್ಸಿನ ಬ್ಯಾಂಕರ್ ಆಲ್ಬೇರ್ ಕಾನ್ ತೆಗೆಸಿದ ಬಣ್ಣದ ಚಿತ್ರಗಳನ್ನು ನಮ್ಮ ಹೈಸ್ಕೂಲು ಮಕ್ಕಳಿಗೆ ತೋರಿಸಬೇಕು. ಜನ ಒಬ್ಬರನ್ನೊಬ್ಬರು ಅರಿತರೆ ಶಾಂತಿ ಉಳಿಯುತ್ತದೆ ಎಂದು ನಂಬಿದ್ದ ಅವರು, 1909ರಿಂದ 1931ರವರೆಗೆ ಸುಮಾರು 50 ದೇಶಗಳಿಗೆ ಛಾಯಾಗ್ರಾಹಕರನ್ನು ಕಳಿಸಿದರು. ಸುಮಾರು 72,000 ಚಿತ್ರಗಳು ಸೇರಿದವು. ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟವನ್ನು ಗಾಜಿನ ಮೇಲೆ ಹರಡಿ ತೆಗೆಯುತ್ತಿದ್ದ ಆಟೋಕ್ರೋಮ್‌ಗಳಿವು. ಎದುರಿಗಿದ್ದವರು ಅಲುಗಾಡದೆ ನಿಲ್ಲಬೇಕಿತ್ತು. 1913–14ರಲ್ಲಿ ಆ ಛಾಯಾಗ್ರಾಹಕರಲ್ಲೊಬ್ಬರಾದ ಸ್ತೆಫಾನ್ ಪಾಸೆ ಭಾರತಕ್ಕೂ ಬಂದಿದ್ದರು.

ಮಹಾಯುದ್ಧಗಳು ನಡೆದೇ ಹೋದವು, ನಿಜ. ಆದರೆ ಇಸವಿಗಳನ್ನು ಸುಮ್ನೆ ಬಾಯಿಪಾಠ ಮಾಡುವ ಮಕ್ಕಳು ಆ ಕಾಲದ ಜನರ ಮುಖಗಳನ್ನೂ ನೋಡಬೇಕು ಅಲ್ವಾ? ಪ್ಯಾರಿಸ್ ಬಳಿಯ ಕಾನ್ ಮ್ಯೂಸಿಯಂನ ಸಾವಿರಾರು ಚಿತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮಹಾಯುದ್ಧದ ಪಾಠದ ಜೊತೆ ಹತ್ತಿಪ್ಪತ್ತು ಚಿತ್ರಗಳನ್ನಾದರೂ ತೋರಿಸುವಂತೆ ಶಿಕ್ಷಣ ಇಲಾಖೆ ಶಿಕ್ಷಕರಿಗೆ ಸೂಚಿಸಲಿ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ