ಎಣ್ಣಿ ಹೊಡಿಯೂ ದಿನದಾಗ

ಗ್ಲ್ಯಾಸ್ಗೋ, ಸ್ಕಾಟ್ಲೆಂಡ್

ಪ್ರೀತಿಯ ಅಣ್ಣಗ ನಮಸ್ಕಾರ.

ನಾವು ಇಲ್ಲಿ ಆರಾಮ ಅದೀವಿ. ಮೊನ್ನೆ ಫೋನಿನ್ಯಾಗ ವೈನಿ ಹೇಳಿದ್ರು, ಬ್ಯಾಡಗಿ ಮೆಣಸಿನಕಾಯಿ ಹೊಲಕ್ಕ ಎಣ್ಣಿ (ಹುಳ ಸಾಯಿಸೂ ಔಷಧ) ಹೊಡಿಯಾಕ ಬಂದ ಹುಡುಗ ತಲಿ ತಿರುಗಿ ಬಿದ್ನಂತ, ನೆರಳಾಗ ಮಲಗಿಸಿ ಮಜ್ಜಿಗಿ ಕುಡಿಸಿದ್ರಂತ, ಸಂಜಿಗೆ ಎದ್ದು ಮನಿಗೆ ಹ್ವಾದ್ನಂತ. ಅವತ್ತಿನಿಂದ ನನಗ ಅದ ಚಿಂತಿ.

ಇಲ್ಲಿ ನಮ್ಮ ದವಾಖಾನಿ ಎಮರ್ಜೆನ್ಸಿಗೆ ಎಚ್ಚರ ಇಲ್ಲದವರನ್ನ ತಂದ್ರ ಮೊದಲು ಉಸಿರು ನೋಡ್ತೀವಿ, ಬೆರಳಿಗೆ ಚುಚ್ಚಿ ಸಕ್ಕರಿ ನೋಡ್ತೀವಿ, ಆಮ್ಯಾಲೆ ಕಣ್ಣಿನ ಪಾಪೆ. ಕಣ್ಣು ತೆರಿತಾರೇನು, ಮಾತಾಡ್ತಾರೇನು, ಕೈಕಾಲು ಆಡಿಸ್ತಾರೇನು ಅಂತ 3ರಿಂದ 15ರ ತನಕ ಅಂಕಿ ಹಾಕ್ತೀವಿ. ಆ ಲೆಕ್ಕ ಹುಟ್ಟಿದ್ದು ಇದ ಊರಾಗ, 1974ರಾಗ. 'ಕುಡದಾನ ಬಿಡ್ರಿ' ಅಂತ ಯಾರು ಅಂದ್ರೂ ನಾವು ನಂಬಂಗಿಲ್ಲ. ಸೆರೆ ವಾಸನಿ ಬಂದ್ರೂ ಒಳಗ ಬ್ಯಾರೆ ವಿಷ ಇರಬಹುದು, ತಲಿಗೆ ಪೆಟ್ಟಾಗಿರಬಹುದು.

ಪಾಪೆ ಸೂಜಿಮೊನಿಯಷ್ಟಾಗಿ ಉಸಿರು ನಿಧಾನ ಆಗಿದ್ರ ಇಲ್ಲಿ ಮೊದಲ ಅನುಮಾನ ಹೆರಾಯಿನ್ ಅನ್ನೂ ನಶಾದ್ದು; ಅದನ್ನ ಇಳಿಸೂ ನಲಾಕ್ಸೋನ್ ಔಷಧ ಕೊಟ್ರ ನಿಮಿಷದಾಗ ಉಸಿರು ತಿರುಗತೈತಿ. ನಮ್ಮ ಕಡೆ ಪಾಪೆ ಹಂಗ ಸಣ್ಣದಾಗಿ, ಜೊಲ್ಲು, ಬೆವರು, ವಾಂತಿ, ಮೈಯಾಗ ಅಲ್ಲಲ್ಲೆ ಖಂಡ ಮಿಡಿಯೂದು ಕಂಡ್ರ ಎಣ್ಣಿದ ಅಂತ ತಿಳೀರಿ. ಅದಕ್ಕ ದವಾಖಾನ್ಯಾಗ ಅಟ್ರೋಪಿನ್ ಅನ್ನೂ ಇಂಜೆಕ್ಷನ್ ಬೇಕು, ಎದಿಯೊಳಗಿನ ನೀರು ಒಣಗೂತನಕ ಮತ್ತ ಮತ್ತ. ಮಜ್ಜಿಗಿಯಿಂದ ಆಗೂ ಕೆಲಸ ಅಲ್ಲ. ಇನ್ನ ಒಂದು ಐತಿ: ಆರಾಮ ಆದಂಗ ಕಂಡವರಿಗೂ ಒಂದರಿಂದ ನಾಕು ದಿನದಾಗ ಕುತ್ತಿಗಿ ಎತ್ತಾಕ ಬಾರದಂಗಾಗಿ ಉಸಿರಾಟ ಸೋಲಬಹುದು. ಆ ಹುಡುಗನ್ನ ಇವತ್ತ ದವಾಖಾನಿಗೆ ತೋರಸು, ಪಗಾರ ಕಡದೀತು ಅಂತ ಅವ ಹೇಳಲಿಕ್ಕಿಲ್ಲ.

ಮತ್ತ ಹಂಗ ಆದ್ರ ತೊಯ್ದ ಅಂಗಿ ತಗದು, ಸಾಬೂನು ಹಚ್ಚಿ ಮೈ ತೊಳೀರಿ. ಎಣ್ಣಿ ಚರ್ಮದಿಂದನೂ ಒಳಗ ಇಳಿತೈತಿ. ತೊಳಿಯವರು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಲಿ. ಎಚ್ಚರ ಇಲ್ಲದವರ ಬಾಯಾಗ ನೀರು ಸೈತ ಹಾಕಬ್ಯಾಡ್ರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಸಬ್ಯಾಡ್ರಿ, ಅದು ಪುಪ್ಪಸಕ್ಕ ಹೋದ್ರ ಎರಡನೇ ಗಂಡಾಂತರ. ಎಡಮಗ್ಗಲಿಗೆ ಮಲಗಿಸಿ 108ಕ್ಕ ಹಚ್ರಿ. ಎಣ್ಣಿ ಡಬ್ಬಿ ಜೋಡಿಗೆ ಒಯ್ರಿ. ಹಾವೇರಿ ಆಗಲಿ, ಹುಬ್ಬಳ್ಳಿ ದೊಡ್ಡ ದವಾಖಾನಿ ಆಗಲಿ, ಎಣ್ಣಿ ಹೆಸರು ಗೊತ್ತಾದ್ರ ಡಾಕ್ಟರಿಗೆ ಹಾದಿ ಸಿಗತೈತಿ.

ಉಳಿದ ಎಣ್ಣಿ ನೀರಿನ ಬಾಟ್ಲಿಗೆ ಸುರಿದು ಅಡಗಿಮನಿ ಮಾಡದಾಗ ಇಡೂದು ಬಿಡು ಅಣ್ಣಾ. ಸಣ್ಣ ಹುಡುಗರು ಅದಾವ. ದೊಡ್ಡವರಿಗೂ ಮನಸ್ಸು ಕೆಟ್ಟ ಗಳಿಗಿ ಬರತಾವ, ಆವಾಗ ಅದು ಕೈಗೆ ಸಿಗಬಾರದು. ಅಪ್ಪನ ಹಳೇ ಟ್ರಂಕಿನಾಗ ಹಾಕಿ ಕೀಲಿ ಜಡಿ, ಕೀಲಿಕೈ ನಿನ್ನ ಹತ್ರ ಇರಲಿ.

ಅವ್ವ-ಅಪ್ಪಗ ನನ್ನ ನಮಸ್ಕಾರ ತಿಳಸು.

ನಿನ್ನ ತಂಗಿ